600 ರೂಪಾಯಿ, 12 ದಿನ, ಟ್ರೆಡಿಷನಲ್ ಡೇ: ಪುಣೆಯ ಹಾಸ್ಟೆಲ್ ಹುಡುಗಿಗೆ ದಾರಿ ಹೇಳಿ

ಗೋಳಗುಮ್ಮಟದ ಪಾರಿವಾಳ
ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವಳು, ಪುಣೆಯಲ್ಲಿ ಎಂ.ಎಸ್ಸಿ. ಮೊದಲ ವರ್ಷ. ಇನ್ನು 12 ದಿನಕ್ಕೆ ಕಾಲೇಜಿನಲ್ಲಿ ಟ್ರೆಡಿಷನಲ್ ಡೇ. ಮೆಸ್ಸು, ಬಸ್ ಪಾಸು, ಝೆರಾಕ್ಸು ಎಲ್ಲಾ ಕಳೆದು ಕೈಯಲ್ಲಿ ಉಳಿದಿರುವುದು 600 ರೂಪಾಯಿ. ಅವ್ವ ಕೊಟ್ಟ ಒಂದು ಇಳಕಲ್ ಸೀರೆ ಇದೆ. ಅದಕ್ಕೆ ಬ್ಲೌಸ್ ಇಲ್ಲ, ಕಿವಿಗೆ ಕೊರಳಿಗೆ ಏನೂ ಇಲ್ಲ, ಚೀಲ ಅಂದರೆ ಲ್ಯಾಪ್‌ಟಾಪ್ ಬ್ಯಾಗ್ ಒಂದೇ.

ಎಲ್ಲಾ ನಾನೇ ಮಾಡಿಕೊಳ್ಳೋಣ ಅಂತ ಹೋದ ತಿಂಗಳು ರೀಲ್ಸ್ ನೋಡಿ ಶುರು ಮಾಡಿದೆ. ಬಿಸಿ ಅಂಟಿನ ಗನ್ನು ತಂದು ಝುಮಕಿ ಮಾಡಿದೆ. ಸೆಮಿನಾರ್ ಕೊಡುತ್ತಾ ನಿಂತಾಗ ಎಡಗಿವಿಯದ್ದು ಕಳಚಿ ಬಿತ್ತು, ಉರುಳುತ್ತಾ ಹೋಗಿ ಸರ್ ಬೂಟಿಗೆ ತಾಗಿ ನಿಂತಿತು. ಇಡೀ ಕ್ಲಾಸು ನೋಡಿತು. ಆಮೇಲೆ ಹಳೇ ಬಿಳಿ ಕುರ್ತಾವನ್ನು ಪ್ಯಾಕೆಟ್ ಬಣ್ಣದಲ್ಲಿ ಕುದಿಸಿದೆ. ಕುರ್ತಾ ಬೆಳ್ಳಗೇ ಉಳಿಯಿತು, ಕೊರಳಿನ ಲೇಸ್ ಮಾತ್ರ ಕಡು ನೀಲಿ ಆಯಿತು! ಅದನ್ನು ಬಕೆಟ್ಟಿನಲ್ಲೇ ಬಿಟ್ಟಿದ್ದೆ, ರೂಮ್‌ಮೇಟಿನ ಬಿಳಿ ಓಢಣಿಯೂ ಅದರಲ್ಲೇ ಬಿತ್ತು. ಈಗ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ.

ಸೂಜಿ ಹಿಡಿಯಲು ಬರುತ್ತದೆ. ಮಷಿನ್ ಇಲ್ಲ. 600ರಲ್ಲಿ ಆಗುತ್ತಾ?

ಲೆಕ್ಕದ ಮಾಸ್ತರ
ಮೊದಲು ಇದನ್ನು ಹೇಳು ತಂಗಿ. ಹೋದ ತಿಂಗಳು ಆ ಝುಮಕಿಗೆ, ಬಣ್ಣಕ್ಕೆ ಎಷ್ಟು ಖರ್ಚಾಯಿತು?

ಗೋಳಗುಮ್ಮಟದ ಪಾರಿವಾಳ
ಗನ್ನು 220, ಅಂಟಿನ ಕಡ್ಡಿ 60, ಝುಮಕಿಯ ಬುಡ 90, ಮಣಿ 110, ಬಣ್ಣ 40. ಬೈಬೇಡಿ.

ಲೆಕ್ಕದ ಮಾಸ್ತರ
520. ತುಳಶಿಬಾಗ್ ಮಾರ್ಕೆಟ್ಟಿನಲ್ಲಿ ಇದರಲ್ಲಿ ಕನಿಷ್ಠ ನಾಲ್ಕು ಜೊತೆ ರೆಡಿ ಝುಮಕಿ ಬರುತ್ತಿತ್ತು, ಕೆಳಗೆ ಬೀಳದೇ ಇರುವಂಥವು. ಕೈಯಾರೆ ಮಾಡಿದರೆ ಅಗ್ಗ ಅನ್ನುವುದೇ ಸುಳ್ಳು. ಸಾಮಾನು ಮಾರುವವರು ಹಬ್ಬಿಸಿದ ಮಾತು ಅದು.

ಮಟ್ಟೀ ಬಟ್ಟೆ ಅಕ್ಕ
ಮಾಸ್ತರೇ, ಲೆಕ್ಕ ಸರಿ, ತೀರ್ಪು ತಪ್ಪು. ಅವಳು ಮಾಡಿದ್ದು ಕೈಕೆಲಸ ಅಲ್ಲ, ಶಾಪಿಂಗ್. ಮಣಿ ಕೊಂಡಳು, ಬುಡ ಕೊಂಡಳು, ಗನ್ನು ಕೊಂಡಳು, ಕೊನೆಗೆ ಅಂಟಿಸಿದಳು. ಮನೆಯಲ್ಲಿ ಬಿದ್ದಿರುವುದರಿಂದ ಶುರು ಮಾಡಿದರೆ ಮಾತ್ರ ಅಗ್ಗ.

ತಂಗಿ, ನಿನ್ನ ಅವ್ವನ ಟ್ರಂಕಿನಲ್ಲಿ ಉಡಿ ತುಂಬಿದ ಖಣ (ಬ್ಲೌಸಿನ ಬಟ್ಟೆಯ ತುಂಡು) ಎಷ್ಟಿವೆ ಕೇಳು. ಯಾವ ಮನೆಗೆ ಹೋದರೂ ಒಂದು ಬರುತ್ತದೆ, ಯಾರಾದರೂ ಮನೆಗೆ ಬಂದರೆ ಒಂದು ಹೋಗುತ್ತದೆ. ನಮ್ಮ ಧಾರವಾಡದ ಓಣಿಯಲ್ಲಿ ಒಂದು ಹಸಿರು ಖಣ ಮೂರು ವರ್ಷ ತಿರುಗಿ ಮತ್ತೆ ನಮ್ಮ ಮನೆಗೇ ಬಂದಿತ್ತು. ಮೂಲೆಯಲ್ಲಿ ನಾನೇ ಹಚ್ಚಿದ್ದ ಅರಿಶಿನದ ಕಲೆ ಇತ್ತು, ಗುರುತು ಹಿಡಿದೆ.

ಗುಳೇದಗುಡ್ಡದ ಖಣ ಸಿಕ್ಕರಂತೂ ನಿನ್ನ ಕೆಲಸ ಮುಗಿಯಿತು. ಪುಣೆಯ ಅಂಗಡಿಗಳಲ್ಲಿ ಅದೇ ಖಣದ ಪರ್ಸು, ಅದೇ ಖಣದ ಸರ ಇಟ್ಟು ಮೂರು ಪಟ್ಟು ದರಕ್ಕೆ ಮಾರುತ್ತಾರೆ. ಊರಿಂದ ಯಾರಾದರೂ ಬರುವವರಿದ್ದರೆ ಎರಡು ತರಿಸಿಕೋ.

ಬರೇ ಓದುವವ
+1. ಟ್ರಂಕ್ ಅಂದರೆ ಬ್ಯಾಂಕ್.

ಕ್ಯಾಂಪಿನ ಹುಡುಗಿ
ಇಷ್ಟೆಲ್ಲಾ ಯಾಕೆ? ಹಳೇ ಇಳಕಲ್ ಅಲ್ವಾ, ಅದನ್ನೇ ಕತ್ತರಿಸಿ ಲಂಗ ಮತ್ತು ಕ್ರಾಪ್ ಟಾಪ್ ಮಾಡು. ಸೆರಗು ಟಾಪಿಗೆ, ಧಡಿ (ಅಂಚು) ಲಂಗದ ಕೆಳಗೆ. ಎಲ್ಲರೂ ಸೀರೆ ಉಟ್ಟು ಬರುತ್ತಾರೆ, ನೀನು ಬೇರೆ ಕಾಣುತ್ತೀಯಾ.

ಮಟ್ಟೀ ಬಟ್ಟೆ ಅಕ್ಕ
ಇಳಕಲ್ ಕತ್ತರಿಸುವುದಾ? ಕತ್ತರಿ ಕೆಳಗಿಡು ಮೊದಲು!

ಕ್ಯಾಂಪಿನ ಹುಡುಗಿ
ಅಕ್ಕಾ, ಟ್ರಂಕಿನಲ್ಲಿ ಕೊಳೆಯುವುದಕ್ಕಿಂತ ಮೈಮೇಲೆ ಇದ್ದರೆ ಒಳ್ಳೆಯದಲ್ವಾ? ಸೀರೆ ಅಂದರೆ ದೇವರ ಮೂರ್ತಿ ಏನೂ ಅಲ್ಲ.

ಮಟ್ಟೀ ಬಟ್ಟೆ ಅಕ್ಕ
ಮೂರ್ತಿ ಅಂತ ಅಲ್ಲ ಮಾರಾಯ್ತಿ. ಇಳಕಲ್ಲಿನಲ್ಲಿ ಮೈಯ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಸೀರೆ ಮಗ್ಗಕ್ಕೆ ಏರುವ ಮೊದಲೇ ಕೂತು ಮಾಡುವ ಕೆಲಸ ಅದು. ಆ ಕೊಂಡಿ ಇರುವ ಜಾಗದಲ್ಲೇ ನೀನು ಕತ್ತರಿ ಹಾಕು ಅಂತಿದ್ದೀಯಾ. ಸೀರೆ ಹರಿದಿದ್ದರೆ ಕತ್ತರಿಸು, ನಾನೇ ಅಳತೆ ಹೇಳುತ್ತೇನೆ. ಗಟ್ಟಿ ಇರುವುದನ್ನು ಕತ್ತರಿಸುವುದು ಸೊಕ್ಕು.

ಲೆಕ್ಕದ ಮಾಸ್ತರ
ಅದೂ ಅಲ್ಲದೆ ಸೀರೆ ಅವಳದ್ದಲ್ಲ, ಅವ್ವನದ್ದು. ಕತ್ತರಿಸಿದರೆ ಮುಂದಿನ ತಿಂಗಳ ದುಡ್ಡೂ ಬರುವುದಿಲ್ಲ.

ಟೇಲರ್ ಮಾವ
ನಾನು ಹಡಪ್ಸರಿನಲ್ಲಿ 22 ವರ್ಷದಿಂದ ಹೊಲಿಯುತ್ತಿದ್ದೇನೆ. ನಾಲ್ಕು ಮಾತು ಹೇಳುತ್ತೇನೆ.

ಮೊದಲ ಸಲ, ಅದೂ ಕೈಯಲ್ಲಿ, ಕಟೋರಿ ಬ್ಲೌಸು ಹೊಲಿಯಲು ಹೋಗಬೇಡ ಮಗಳೇ. ಕಂಕುಳಲ್ಲಿ ಬಿಗಿಯುತ್ತದೆ, ಅಳುತ್ತೀಯಾ. ಮೈಗೆ ಸರಿಯಾಗಿ ಕೂರುವ ಸಾದಾ ಕಪ್ಪು ಬ್ಲೌಸು ಯಾರದ್ದಾದರೂ ಇದ್ದರೆ ತಗೋ. ಖಣದ ಪಟ್ಟಿಯನ್ನು ತೋಳಿಗೆ ಸುತ್ತಲೂ ಹಚ್ಚು. ಬೆನ್ನಿಗೆ ಒಂದು ಚೌಕ. ಬಿಚ್ಚಿದರೆ ಬ್ಲೌಸು ಮೊದಲಿನಂತೆ ಆಗಬೇಕು, ಹಾಗಾಗಿ ಅಂಟು ಬೇಡ, ಬರೀ ಹೆಮ್ಮಿಂಗ್.

ಖಣದ ಪನ್ನಾ (ಅಗಲ) ಸಣ್ಣದು. ಅಡ್ಡಡ್ಡ ಕತ್ತರಿಸಿ ಹಾಳು ಮಾಡಬೇಡ. ಧಡಿಯನ್ನು ಮೊದಲು ತೆಗೆದಿಟ್ಟುಕೋ, ಅದು ಕೊರಳಿಗೆ ಬರುತ್ತದೆ.

ಹಚ್ಚುವ ಮೊದಲು ಖಣ ನೀರಲ್ಲಿ ನೆನೆಹಾಕು. ಒದ್ದೆ ಇರುವಾಗ ಒಂದು ಬಿಳಿ ಚಿಂದಿಯನ್ನು ಅದರ ಮೇಲೆ ಒತ್ತಿ ನೋಡು. ಬಣ್ಣ ಬಂದರೆ ಇನ್ನೊಂದು ಸಲ ನೆನೆಹಾಕು. ಕೆಂಪು, ಕಡು ಹಸಿರು ಬಿಡುತ್ತವೆ. ಬೆವರಿಗೂ ಬಿಡುತ್ತವೆ.

ನಿಮ್ಮ ಹಾಸ್ಟೆಲ್ ಹತ್ತಿರದ ಟೇಲರ್ ಬಳಿ ಹೋಗಿ ಚಿಂದಿ ಕೇಳು. ಸಂಜೆ ಅಂಗಡಿ ಗುಡಿಸುವ ಹೊತ್ತಿಗೆ ಹೋಗು. ದುಡ್ಡು ತಗೊಳ್ಳುವುದಿಲ್ಲ. ಅಸ್ತರ್ ತುಂಡು, ಕ್ಯಾನ್ವಾಸ್ ತುಂಡು ಎಲ್ಲಾ ಸಿಗುತ್ತದೆ.

ಗೋಳಗುಮ್ಮಟದ ಪಾರಿವಾಳ
ಮಾವಾ, ಕಪ್ಪು ಬ್ಲೌಸು ರೂಮ್‌ಮೇಟ್ ಹತ್ತಿರ ಇದೆ. ಆದರೆ ಓಢಣಿಯ ವಿಷಯ...

ಬರೇ ಓದುವವ
ಮೊದಲು ಓಢಣಿ ಬಿಳಿ ಮಾಡಿಕೊಡು, ಆಮೇಲೆ ಬ್ಲೌಸು ಕೇಳು. ರಾಜತಾಂತ್ರಿಕತೆ.

ಟೈ ಅಂಡ್ ಡೈ ತಮ್ಮ
ಬ್ಲೀಚ್ ಹಾಕಿ. ಜಾಸ್ತಿ ಬಿಳಿ ಆಗಬೇಕಾದರೆ ಬ್ಲೀಚ್ ಜೊತೆ ಎರಡು ಚಮಚ ವಿನಿಗರ್. ನಾನು ಜೀನ್ಸಿಗೆ ಹೀಗೇ ಮಾಡುತ್ತೇನೆ, ಮಸ್ತ್ ಬರುತ್ತದೆ.

ಕೆಮಿಸ್ಟ್ರಿ ಕಾಕಾ
ಇಲ್ಲ! ಯಾರೂ ಇದನ್ನು ಮಾಡಬೇಡಿ. ಬ್ಲೀಚಿಗೆ ವಿನಿಗರ್, ನಿಂಬೆ, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದೇ ಹುಳಿ ಬಿದ್ದರೂ ಕ್ಲೋರಿನ್ ಗಾಳಿ ಏಳುತ್ತದೆ. ಹಾಸ್ಟೆಲ್ಲಿನ ಬಾತ್‌ರೂಮಿಗೆ ಒಂದು ಗೇಣಿನ ಕಿಟಕಿ ಇರುತ್ತದೆ. ಅಲ್ಲಿ ಇದನ್ನು ಮಾಡಿದರೆ ನೇರ ಆಸ್ಪತ್ರೆ.

ತಮ್ಮಾ, ಇನ್ನೊಂದು. ಹಿಗ್ಗುವ ಜೀನ್ಸಿಗೆ ಬ್ಲೀಚ್ ಹಾಕಿದರೆ ಒಳಗಿನ ಲೈಕ್ರಾ ಸಾಯುತ್ತದೆ. ಮೊಣಕಾಲಿನ ಹತ್ತಿರ ಜೋಲು ಬೀಳುವುದು ಅದಕ್ಕೇ.

ಟೈ ಅಂಡ್ ಡೈ ತಮ್ಮ
ಓಹ್. ಅದಕ್ಕೇನಾ ನನ್ನ ಜೀನ್ಸ್ ಆನೆಯ ಕಾಲಿನ ಹಾಗೆ ಆಗಿದ್ದು. ಸಾರಿ ಕಾಕಾ. ಆದರೆ ಬಣ್ಣ ನಿಲ್ಲಬೇಕಾದರೆ ವಿನಿಗರ್ ಮತ್ತು ಉಪ್ಪಿನಲ್ಲಿ ನೆನೆಹಾಕಬೇಕು, ಅದಾದರೂ ನಿಜ ತಾನೇ?

ಕೆಮಿಸ್ಟ್ರಿ ಕಾಕಾ
ಅದೂ ಅರ್ಧ ಸುಳ್ಳು. ವಿನಿಗರ್ ಕೆಲಸ ಮಾಡುವುದು ಉಣ್ಣೆ, ರೇಷ್ಮೆ, ನೈಲಾನಿಗೆ ಹಾಕುವ ಆಸಿಡ್ ಬಣ್ಣಗಳಲ್ಲಿ. ಹತ್ತಿಗೆ ಅದರಿಂದ ಏನೂ ಆಗುವುದಿಲ್ಲ. ಉಪ್ಪು ಬಣ್ಣ ಹಾಕುವಾಗ ಬೇಕು, ಬಣ್ಣವನ್ನು ನೀರಿನಿಂದ ಬಟ್ಟೆಗೆ ತಳ್ಳುತ್ತದೆ. ಹಾಕಿ ಆದ ಮೇಲೆ ಉಪ್ಪುನೀರಲ್ಲಿ ನೆನೆಸಿದರೆ ಬಟ್ಟೆ ಉಪ್ಪಾಗುತ್ತದೆ, ಅಷ್ಟೇ. ರಿಯಾಕ್ಟಿವ್ ಬಣ್ಣ ಅಂತ ಬರುತ್ತದೆ, ಅದನ್ನು ಹತ್ತಿಗೆ ಗಟ್ಟಿ ಹಿಡಿಸುವುದು ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ.

ಪಾರಿವಾಳಾ, ನಿನ್ನ ಕುರ್ತಾ ಪಾಲಿಯೆಸ್ಟರ್. ಲೇಸು ಹತ್ತಿಯದ್ದು. ಅದಕ್ಕೇ ಲೇಸು ಮಾತ್ರ ಬಣ್ಣ ಕುಡಿಯಿತು. ಕೊಳ್ಳುವ ಮೊದಲು ಅಂಚಿನಿಂದ ಎರಡು ಎಳೆ ಕಿತ್ತು ಚಿಮಟಿಯಲ್ಲಿ ಹಿಡಿದು ಸುಟ್ಟು ನೋಡು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಸಾಸಿವೆಕಾಳಿನ ಹಾಗೆ ಗಟ್ಟಿ ಗುಂಡು ಆಗುತ್ತದೆ. ಆ ಗುಂಡನ್ನು ಬಿಸಿ ಇರುವಾಗ ಮುಟ್ಟಬೇಡ.

ಓಢಣಿ ಹತ್ತಿಯದ್ದಾದರೆ, ಬರೀ ಬ್ಲೀಚನ್ನು ತುಂಬಾ ತೆಳ್ಳಗೆ ತಣ್ಣೀರಿನಲ್ಲಿ ಕಲಸಿ, ಹೊರಗೆ ಗಾಳಿಯಲ್ಲಿ ಇಟ್ಟುಕೊಂಡು, ಹತ್ತು ನಿಮಿಷದೊಳಗೆ ತೆಗೆದು ಚೆನ್ನಾಗಿ ತೊಳೆ. ರೇಷ್ಮೆ ಆದರೆ ಮುಟ್ಟಬೇಡ, ಬ್ಲೀಚ್ ರೇಷ್ಮೆಯನ್ನು ತಿನ್ನುತ್ತದೆ.

ಗೋಳಗುಮ್ಮಟದ ಪಾರಿವಾಳ
ಹತ್ತಿಯದ್ದೇ ಕಾಕಾ. ಎಳೆ ಸುಟ್ಟು ನೋಡಿದೆ. ವಾರ್ಡನ್ ಬಂದು ಏನು ಸುಡುತ್ತಿದ್ದೀ ಅಂತ ಕೇಳಿದರು.

ಡೊಂಬಿವಲಿ ಕಾಕು
ಈ ಪುಣೆಯವರ ಗೋಳು ನೋಡಿದರೆ ನಗು ಬರುತ್ತದೆ. ಮುಂಬೈಗೆ ಬಾ ಮಗಳೇ. ಮಂಗಳದಾಸ್ ಮಾರ್ಕೆಟ್, ಭುಲೇಶ್ವರ, ದಾದರಿನ ಹಿಂದಮಾತಾ. ಲೇಸು ನೋಡುತ್ತಾ ಹೋದರೆ ಸಂಜೆಯಾಗುತ್ತದೆ. ನಮ್ಮ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕೂತಲ್ಲೇ ಕಿವಿಯೋಲೆ ಮಾರಲು ಬರುತ್ತಾರೆ, ಬಟಾಣಿ ಸುಲಿಯುತ್ತಾ ಚೌಕಾಸಿ ಮಾಡಬಹುದು.

ಲೆಕ್ಕದ ಮಾಸ್ತರ
ಹೋಗಿಬರುವ ಖರ್ಚು, ನಡುವೆ ಒಂದು ವಡಾಪಾವ್, ಕಂಡದ್ದೆಲ್ಲಾ ಬೇಕು ಅನ್ನಿಸುವ ಮನಸ್ಸು. 600 ರೂಪಾಯಿ ದಾದರಿನಲ್ಲೇ ಖಾಲಿ.

ಡೊಂಬಿವಲಿ ಕಾಕು
ಆಯಿತಪ್ಪಾ, ಪುಣೆಯಲ್ಲೇ ಇರಲಿ. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿಯವರು ಏಳುವ ತನಕ ಮೆಟ್ಟಿಲ ಮೇಲೆ ಕೂತು ಹೊಲಿಯಲಿ.

ಸದಾಶಿವ ಪೇಠೆ ಸೊಸೆ
ಕಾಕು, ಆ ಜೋಕು ಹಳೆಯದಾಯಿತು. 😄

ಪಾರಿವಾಳ, ಮಂಡೈ ತನಕ ಮೆಟ್ರೋ ಇದೆ, 2024ರಿಂದ. ಅಲ್ಲಿಳಿದರೆ ತುಳಶಿಬಾಗ್ ನಡೆಯುವ ದೂರ. ಆದರೆ ಮಣಿ, ಘುಂಗರು (ಗೆಜ್ಜೆ), ದೋರಿ (ಕಟ್ಟುವ ದಾರ), ಲೇಸು ಬೇಕಾದರೆ ತುಳಶಿಬಾಗಿನಲ್ಲಿ ನಿಲ್ಲಬೇಡ. ಹಾಗೇ ರವಿವಾರ ಪೇಠೆಗೆ ನಡೆ, ಬೋಹ್ರಿ ಆಳಿಗೆ (ಓಣಿಗೆ) ಹೋಗು. ಘುಂಗರು ತೂಕದ ಮೇಲೆ ಕೊಡುತ್ತಾರೆ. ಸ್ವಲ್ಪವೇ ಸಾಕು ಅಂದರೆ ಮುಖ ಸಿಂಡರಿಸುತ್ತಾರೆ, ಆದರೂ ಕೊಡುತ್ತಾರೆ. ಬೇರೆ ಹುಡುಗಿಯರನ್ನೂ ಕರೆದುಕೊಂಡು ಹೋಗಿ ಒಂದು ಪ್ಯಾಕೆಟ್ ತಂದು ಹಂಚಿಕೊಳ್ಳಿ.

ಬುಧವಾರ, ಭಾನುವಾರ ಜುನಾ ಬಜಾರ್ ಇದೆ. ಹಳೇ ಹಿತ್ತಾಳೆಯ ಚೂರು ಪಾರು, ಗುಂಡಿ, ಬಕಲ್ ಹುಡುಕಿದರೆ ಸಿಗುತ್ತದೆ. ಮೊಬೈಲು ಜೋಪಾನ.

ಮೈಸೂರಿನವಳು, ಈಗ ಬಾನೇರ್
ಸೆರಗಿಗೆ ಕುಚ್ಚು ಕಟ್ಟಿ, ಸೀರೆಯ ನೋಟವೇ ಬದಲಾಗುತ್ತದೆ. ಉಳಿದ ರೇಷ್ಮೆ ದಾರ ಸಾಕು.

ಮಟ್ಟೀ ಬಟ್ಟೆ ಅಕ್ಕ
ಕುಚ್ಚು ಅಲ್ಲ, ಗೊಂಡೆ.

ಮೈಸೂರಿನವಳು, ಈಗ ಬಾನೇರ್
ನಮ್ಮಲ್ಲಿ ಕುಚ್ಚು ಅಂತಲೇ ಅನ್ನುವುದು ಅಕ್ಕ. ಮಣಿ ಹಾಕಿ ಕಟ್ಟುವುದಕ್ಕೆ ಒಂದು ದರ, ಸಾದಾ ಕಟ್ಟುವುದಕ್ಕೆ ಒಂದು ದರ. ನಮ್ಮ ಅತ್ತೆ ಇದರಲ್ಲೇ ಮಗಳ ಕಾಲೇಜು ಫೀಸು ಕಟ್ಟಿದರು.

ಬರೇ ಓದುವವ
ಕುಚ್ಚು, ಗೊಂಡೆ ಜಗಳ ಬೇರೆ ಕಡೆ ಮಾಡಿ. ಹುಡುಗಿಗೆ 11 ದಿನ ಉಳಿದಿದೆ.

ವಾಸ್ಕೋದ ಹುಡುಗ
ಗೋವಾದಿಂದ ಒಂದು ಮಾತು. ಇಲ್ಲಿ ಮಾಪ್ಸಾದಲ್ಲಿ ಶುಕ್ರವಾರದ ಸಂತೆ ಆಗುತ್ತದೆ. ನಮ್ಮ ಅಮ್ಮ ಅಲ್ಲಿಂದ ಒಂದು ಚೂರು ಬಟ್ಟೆಯನ್ನೂ ತರುವುದಿಲ್ಲ, ಚೀಲ ಮಾತ್ರ ಅವರದ್ದು ಎಲ್ಲರಿಗಿಂತ ಚಂದ. ಕೌದಿಯ ಚೀಲ. ನಮ್ಮ ಅಜ್ಜಿಯ ಊರು ಯಲ್ಲಾಪುರದ ಕಡೆ. ಅಲ್ಲಿ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿ ಅಮ್ಮ ಕಲಿತರು. ಅವರು ನಮ್ಮ ಹಾಗೆ ನಡುವಿನಿಂದ ಶುರು ಮಾಡುವುದಿಲ್ಲ. ಅಂಚಿನಿಂದ ಶುರು ಮಾಡಿ, ತುಂಡು ಜೋಡಿಸುತ್ತಾ, ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಮುಕ್ಕೋನ ಇಡುತ್ತಾರೆ, ಅದಕ್ಕೆ ಹೂ ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಮುಗಿದ ಹಾಗೆ ಅಲ್ಲವಂತೆ.

ಚೀಲಕ್ಕೆ ಅಷ್ಟೆಲ್ಲಾ ಬೇಡ. ಎರಡು ಗೇಣು ಚೌಕ ಸಾಕು. ಟೇಲರ್ ಮಾವ ಹೇಳಿದ ಚಿಂದಿ, ಕೆಳಗೆ ಹಳೇ ಬೆಡ್‌ಶೀಟಿನ ತುಂಡು, ಮೇಲೆ ಓಡು ಹೊಲಿಗೆ (ರನ್ನಿಂಗ್ ಸ್ಟಿಚ್). ವಕ್ರ ಬಂದಷ್ಟೂ ಚಂದ. ದುಡ್ಡು ಬೇಕಾಗಿರುವುದು ದಾರಕ್ಕೆ ಮಾತ್ರ.

ಡೊಂಬಿವಲಿ ಕಾಕು
ಕೌದಿ ಮಾತು ಬಂತು, ನಮ್ಮ ಅತ್ತೆಯ ನೆನಪಾಯಿತು. ಮರಾಠಿಯವರು ಇದಕ್ಕೇ ಗೋಧಡಿ ಅನ್ನುತ್ತಾರೆ. ಅತ್ತೆ ತೀರಿಹೋದ ಮೇಲೆ ಅವರ ಒಂಬತ್ತು ಸೀರೆ ನಾವು ಯಾರೂ ಉಡಲಿಲ್ಲ, ಕೊಡಲೂ ಮನಸ್ಸಾಗಲಿಲ್ಲ. ಮೂರು ಕೌದಿ ಹೊಲಿಸಿದೆವು. ಡೊಂಬಿವಲಿಯ ಸೆಕೆಯಲ್ಲಿ ಯಾರು ಹೊದೆಯುತ್ತಾರೆ? ಎಸಿ ಹಾಕಿಸಿಕೊಂಡದ್ದೇ ಕೌದಿ ಹೊದೆಯಲಿಕ್ಕೆ ಅಂತ ನಮ್ಮ ಯಜಮಾನರು ಹೇಳುತ್ತಿರುತ್ತಾರೆ.

ಕ್ಯಾಂಪಿನ ಹುಡುಗಿ
ಹಾಗಾದರೆ ಆ ಒಂಬತ್ತು ಸೀರೆ ಕತ್ತರಿಸಿದಿರಿ ತಾನೇ ಕಾಕು? ನಾನು ಕತ್ತರಿಸು ಅಂದರೆ ಸೊಕ್ಕು!

ಡೊಂಬಿವಲಿ ಕಾಕು
ಹ್ಹಿಹ್ಹಿ. ಸಿಕ್ಕಿಹಾಕಿಸಿದೆ.

ಮಟ್ಟೀ ಬಟ್ಟೆ ಅಕ್ಕ
ಬಡಕಲಾದ ಸೀರೆ ಕೌದಿಗೆ ಹೋಗುವುದು ಬೇರೆ ಮಾತು. ಇರಲಿ, ಕ್ಯಾಂಪಿನವಳು ಬಿಡುವವಳಲ್ಲ.

ಈಗ ಕೊರಳಿನದ್ದು ಹೇಳುತ್ತೇನೆ, ಬರೆದುಕೋ. ಕೊರಳ ಸುತ್ತಳತೆ ತಗೋ, ಅದಕ್ಕಿಂತ ಎರಡು ಇಂಚು ಕಮ್ಮಿ ಉದ್ದದ ಕ್ಯಾನ್ವಾಸ್ ಪಟ್ಟಿ ಕತ್ತರಿಸು, ಅಗಲ ಒಂದೂವರೆ ಇಂಚು. ಖಣದ ತುಂಡು ಅದರ ಎರಡರಷ್ಟು ಅಗಲ, ಮೇಲೆ ಅರ್ಧ ಇಂಚು ಮಡಿಕೆಗೆ. ಕ್ಯಾನ್ವಾಸಿಗೆ ಸುತ್ತಿ ಹಿಂದೆ ಮಡಚಿ ಹೆಮ್ಮಿಂಗ್ ಹಾಕು. ಖಣದ ಹೂವು ಪಟ್ಟಿಯ ನಡುವೆ ಬರುವ ಹಾಗೆ ನೋಡಿಕೊಂಡು ಸುತ್ತು, ಇಲ್ಲದಿದ್ದರೆ ಹೂ ಅರ್ಧ ತಲೆಯಾಗಿ ಕಾಣುತ್ತದೆ. ಕೆಳಗಿನ ಅಂಚಿಗೆ ಒಂದೊಂದೇ ಘುಂಗರು, ನಡುವೆ ಬೆರಳಗಲ ಜಾಗ. ಪ್ರತಿ ಘುಂಗರಿಗೆ ದಾರ ಮೂರು ಸಲ ಹೋಗಿ ಗಂಟು ಬೀಳಬೇಕು, ಒಂದೇ ದಾರದಲ್ಲಿ ಎಲ್ಲಾ ಪೋಣಿಸಿದರೆ ಒಂದು ಹರಿದ ಕೂಡಲೇ ಎಲ್ಲಾ ಉದುರುತ್ತವೆ. ಎರಡೂ ತುದಿಗೆ ದೋರಿ.

ಕಿವಿಗೆ ಅದೇ ಖಣದ ಪೋಟ್ಲಿ ಗುಂಡಿ. ಎಂಟಾಣೆಯಷ್ಟು ರಟ್ಟು, ಮೇಲೆ ಚೂರು ಹತ್ತಿ, ಬಟ್ಟೆಯ ಅಂಚಿಗೆ ಓಡು ಹೊಲಿಗೆ ಹಾಕಿ ಎಳೆದರೆ ಬಾಯಿ ಮುಚ್ಚುತ್ತದೆ. ಕೊಕ್ಕೆಯನ್ನು ದಾರದಲ್ಲಿ ಹೊಲಿ. ಸರ್ ಬೂಟಿನ ತನಕ ಹೋಗುವುದಿಲ್ಲ.

ಗೋಳಗುಮ್ಮಟದ ಪಾರಿವಾಳ
ಅಕ್ಕಾ 🙏 ಕಸೂತಿಯೂ ಹಾಕಲಾ? ಬ್ಲೌಸಿನ ಬೆನ್ನಿಗೆ ಗೋಪುರ, ತೇರು, ಆನೆ?

ಮಟ್ಟೀ ಬಟ್ಟೆ ಅಕ್ಕ
11 ದಿನದಲ್ಲಿ ತೇರು ಎಳೆಯುತ್ತೀಯಾ? ಕಸೂತಿಗೆ ಮೊದಲು ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗಂಟು ಕೂಡ ಹಾಕುವ ಹಾಗಿಲ್ಲ. ಗವಂತಿ, ಮುರ್ಗಿ ಹೊಲಿಗೆ ಹಾಕಿದರೆ ಮೇಲೂ ಕೆಳಗೂ ಒಂದೇ ತರ ಕಾಣಬೇಕು. ನೇಯ್ಗೆ, ಮೆಂತೆ ಇನ್ನೂ ದಾರ ತಿನ್ನುತ್ತವೆ. ನಾನು ಈ ಹೆಸರಿಟ್ಟುಕೊಂಡಿದ್ದೇ ಮಟ್ಟೀ ಬಟ್ಟೆಯ (ಎಳೆ ಎಣಿಸಲು ಬರುವ ನೇಯ್ಗೆಯ ಬಟ್ಟೆ) ಮೇಲೆ ಕಲಿಯುವಾಗ ಕಣ್ಣು ಹೋದ ನೆನಪಿಗೆ. ಬೆನ್ನಿನ ಖಣದ ಮೂಲೆಗೆ ಒಂದು ಪುಟ್ಟ ತುಳಸಿಕಟ್ಟೆ ಹಾಕು, ಸಾಕು. ಖಣದ ಮೇಲೆ ಎಳೆ ಎಣಿಸುವುದು ಕಷ್ಟ, ಮಟ್ಟೀ ಚೂರಿನ ಮೇಲೆ ಹಾಕಿ ಅದನ್ನು ಹಚ್ಚು.

ತಲೆಗಾಂವ್ ತಮ್ಮಣ್ಣ
ಹುಡುಗರಿಗೇನೂ ಇಲ್ಲವಾ? ನನ್ನ ಬಜೆಟ್ 150. ಅಪ್ಪನ ಧೋತರ ಇದೆ, ಹಳೇ ಬಿಳಿ ಜುಬ್ಬಾ ಇದೆ. ಜುಬ್ಬಾ ಹತ್ತಿಯದ್ದೇ, ಸುಟ್ಟು ನೋಡಿದೆ.

ಟೈ ಅಂಡ್ ಡೈ ತಮ್ಮ
ಅರಿಶಿನದಲ್ಲಿ ಅದ್ದು. ಫ್ರೀ. ಹಳದಿ ಜುಬ್ಬಾ.

ಸದಾಶಿವ ಪೇಠೆ ಸೊಸೆ
ಅಯ್ಯೋ ಬೇಡ. ನಾನು ಒಂದು ಸಲ ಅರಿಶಿನದಲ್ಲಿ ಅದ್ದಿದ ದುಪಟ್ಟಾ ಹಾಕಿಕೊಂಡು ಪರ್ವತಿ ಗುಡ್ಡ ಹತ್ತಿದ್ದೆ. ಮನೆಗೆ ಬಂದು ಸೋಪು ಹಾಕಿ ತೊಳೆದೆ ನೋಡಿ, ಹಳದಿ ಇದ್ದದ್ದು ಇಟ್ಟಿಗೆ ಕೆಂಪಾಯಿತು! ಯಾರೋ ಏನೋ ಮಾಡಿಸಿದ್ದಾರೆ ಅಂತ ಅತ್ತೆ ಹೆದರಿಬಿಟ್ಟರು. ನಿಂಬೆ ನೀರು ಬಿದ್ದ ಜಾಗ ಮತ್ತೆ ಹಳದಿ. ಕೊನೆಗೆ ಎರಡು ದಿನ ಬಿಸಿಲಲ್ಲಿ ಒಣಗಿಸಿದ್ದಕ್ಕೆ ಎಲ್ಲಾ ಮಾಸಿ ಟೀ ಸೋಸಿದ ಬಟ್ಟೆಯ ಹಾಗೆ ಆಯಿತು.

ಕೆಮಿಸ್ಟ್ರಿ ಕಾಕಾ
ಅತ್ತೆಗೆ ಹೇಳಿ, ಮಾಟ ಅಲ್ಲ, ಕ್ಷಾರ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕುಂಕುಮ ಆಗುತ್ತದಲ್ಲ, ಅದೇ. ಸೋಪಿಗೂ ಹಾಗೇ ತಿರುಗುತ್ತದೆ. ಬಿಸಿಲಿಗೆ ಅರಿಶಿನ ನಿಲ್ಲುವುದಿಲ್ಲ.

ಹಳದಿಯೇ ಬೇಕಾದರೆ ದಾಳಿಂಬೆ ಸಿಪ್ಪೆ. ಜ್ಯೂಸ್ ಅಂಗಡಿಯಲ್ಲಿ ಬಿಟ್ಟಿ ಸಿಗುತ್ತದೆ. ಒಂದು ಗಂಟೆ ಕುದಿಸಿ ಸೋಸು. ಜುಬ್ಬಾವನ್ನು ಮೊದಲು ಸ್ಫಟಿಕದ (ಆಲಂ) ನೀರಿನಲ್ಲಿ ನೆನೆಹಾಕು. ಮರಾಠಿ ಕಿರಾಣಿ ಅಂಗಡಿಯಲ್ಲಿ ತುರಟಿ ಅಂತ ಕೇಳು, ಹತ್ತಿಪ್ಪತ್ತು ರೂಪಾಯಿಯದ್ದು ಸಾಕು. ಬರೀ ಸ್ಫಟಿಕ ಹತ್ತಿಗೆ ಚೆನ್ನಾಗಿ ಹಿಡಿಯುವುದಿಲ್ಲ, ಒಗರು ಬೇಕು. ದಾಳಿಂಬೆ ಸಿಪ್ಪೆಯಲ್ಲಿ ಒಗರು ಇದ್ದೇ ಇರುವುದರಿಂದ ಅದು ಸುಲಭ. ಆ ಬಣ್ಣಕ್ಕೆ ತುಕ್ಕು ಹಿಡಿದ ಮೊಳೆ ಹಾಕಿದ ನೀರು ಚೂರು ಸೇರಿಸಿದರೆ ಹಸಿರು ಬೂದು ಬರುತ್ತದೆ. ಜಾಸ್ತಿ ಹಾಕಿದರೆ ಬಟ್ಟೆ ಲಡ್ಡಾಗಿ ಹರಿಯುತ್ತದೆ.

ಹಾಸ್ಟೆಲ್ ಮೆಸ್ಸಿನ ಪಾತ್ರೆಯಲ್ಲಿ ಕುದಿಸಬೇಡ, ಹಳೇ ಡಬ್ಬಿ ನೋಡಿಕೋ.

ತಲೆಗಾಂವ್ ತಮ್ಮಣ್ಣ
ಕಾಕಾ, ಇಷ್ಟು ಕೆಮಿಸ್ಟ್ರಿ ಬಂದಿದ್ದರೆ ನಾನು ಕಾಮರ್ಸ್ ಯಾಕೆ ತಗೊಳ್ಳುತ್ತಿದ್ದೆ?

ಟೇಲರ್ ಮಾವ
ನಿನಗೆ ಬಟಾಟೆ ಅಚ್ಚು ಸರಿ. ಬಟಾಟೆ ಅರ್ಧ ಮಾಡಿ ಮಾವಿನಕಾಯಿ ಆಕಾರ ಕೊರೆ. ಕೊರೆದ ಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸು, ನೀರು ಇದ್ದರೆ ಬಣ್ಣ ಹರಡುತ್ತದೆ. ಫ್ಯಾಬ್ರಿಕ್ ಬಣ್ಣವನ್ನು ಬಟಾಟೆಗೆ ಬ್ರಶ್ಶಿನಿಂದ ಹಚ್ಚು, ಅದ್ದಬೇಡ. ಜುಬ್ಬಾ ಒಳಗೆ ಪೇಪರ್ ಇಡು, ಇಲ್ಲದಿದ್ದರೆ ಬೆನ್ನಿಗೂ ಅದೇ ಮಾವಿನಕಾಯಿ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಹಿಂದಿನಿಂದ ಇಸ್ತ್ರಿ ಮಾಡು, ಆಗ ನಿಲ್ಲುತ್ತದೆ.

ಬರೇ ಓದುವವ
ಪುಣೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಎಲ್ಲಿ ಚೆನ್ನಾಗಿ ಸಿಗುತ್ತದೆ? ವಿಷಯಕ್ಕೆ ಸಂಬಂಧ ಇಲ್ಲ, ಗೊತ್ತು.

ಸದಾಶಿವ ಪೇಠೆ ಸೊಸೆ
ಭಾಕ್ರಿ ಸಿಗುತ್ತದೆ, ರೊಟ್ಟಿ ಅಲ್ಲ. ದಪ್ಪದಲ್ಲಿ ವ್ಯತ್ಯಾಸ. ಬೇರೆ ಥ್ರೆಡ್ ತೆಗೆಯಿರಿ, ಇಲ್ಲಿ ಹಸಿವಾಗುತ್ತಿದೆ.

ಗೋಳಗುಮ್ಮಟದ ಪಾರಿವಾಳ
ಹನ್ನೆರಡು ದಿನದ ಮೇಲೆ ಬಂದಿದ್ದೇನೆ. ಟ್ರೆಡಿಷನಲ್ ಡೇ ನಿನ್ನೆ ಆಯಿತು.

ಓಢಣಿ ಬಿಳಿ ಆಯಿತು. ಪೂರ್ತಿ ಅಲ್ಲ, ಒಂದು ಮೂಲೆಯಲ್ಲಿ ಚೂರು ನೀಲಿ ಇದೆ. ಆ ಮೂಲೆಗೆ ಗೊಂಡೆ ಕಟ್ಟಿಕೊಟ್ಟೆ. (ಕುಚ್ಚು ಅನ್ನುವವರು ಕುಚ್ಚು ಅಂತ ಓದಿಕೊಳ್ಳಿ.) ರೂಮ್‌ಮೇಟ್ ಬ್ಲೌಸು ಕೊಟ್ಟಳು. ಊರಿಂದ ಬಂದ ಅಣ್ಣನ ಕೈಯಲ್ಲಿ ಅವ್ವ ಮೂರು ಖಣ ಕಳಿಸಿದ್ದಳು. ಒಂದನ್ನು ನೆನೆಹಾಕಿದಾಗ ನೀರು ರಕ್ತದ ಹಾಗೆ ಆಯಿತು, ಅದನ್ನು ಬಿಟ್ಟೆ. ಹಸಿರು ಖಣ ಒಂದು ಚೂರೂ ಬಿಡಲಿಲ್ಲ.

ಬೋಹ್ರಿ ಆಳಿಯಲ್ಲಿ ಘುಂಗರು 80, ದೋರಿ 30, ದಾರದ ಲಡಿ 45, ಕಿವಿಯ ಕೊಕ್ಕೆ 20. ಬ್ಲೀಚು 35. ಚಿಂದಿ ಬಿಟ್ಟಿ, ಆದರೆ ಟೇಲರ್ ಕಾಕಾನಿಗೆ ಚಹಾ ಕುಡಿಸಿದೆ, 20. ಬಳೆ ತುಳಶಿಬಾಗಿನಲ್ಲಿ 60 ಕೊಟ್ಟು ರೆಡಿ ತಗೊಂಡೆ, ಮಾಸ್ತರರ ಮಾತಿಗೆ ಮರ್ಯಾದೆ. ಒಟ್ಟು 290.

ಕೌದಿ ಚೀಲ ಎರಡು ರಾತ್ರಿ ಹಿಡಿಯಿತು. ಬೆರಳಿಗೆ ಸೂಜಿ ಚುಚ್ಚಿ ಒಂದು ಕಡೆ ಸಣ್ಣ ಚುಕ್ಕೆ ಆಗಿದೆ, ಡಿಸೈನ್ ಅಂತ ಹೇಳಿದೆ. ತುಳಸಿಕಟ್ಟೆಯಲ್ಲಿ ಒಂದು ಎಳೆ ತಪ್ಪಿ ವಾಲಿದೆ. ಘುಂಗರು ಒಂದೂ ಉದುರಲಿಲ್ಲ, ಆದರೆ ದೀಪ ಬೆಳಗುವಾಗ ಎಲ್ಲರೂ ಸುಮ್ಮನೆ ನಿಂತರೆ ನನ್ನ ಕೊರಳು ಮಾತ್ರ ಗಲ್ ಗಲ್ ಅನ್ನುತ್ತಿತ್ತು. ಮರಾಠಿ ಹುಡುಗಿಯರು ಇರಕಲ್ ಇರಕಲ್ (ಇಳಕಲ್ಲಿಗೆ ಅವರ ಮಾತು) ಅಂತ ಸೆರಗು ಹಿಡಿದು ನೋಡಿದರು.

ಸಂಜೆ ಅವ್ವನಿಗೆ ವೀಡಿಯೋ ಕಾಲ್ ಮಾಡಿದೆ. ಸೀರೆ ನೋಡಲಿಲ್ಲ, ಚೀಲ ನೋಡಲಿಲ್ಲ. ಕೊರಳು ನೋಡಿದವಳೇ, "ಅಯ್ಯ, ಆ ಹಸಿರು ಖಣ ಕತ್ತರಿಸಿದೆಯಾ? ಅದು ಡಾಕ್ಟರ್ ಮನೆಯವರ ಉಡಿಗೆ ಅಂತ ಎತ್ತಿಟ್ಟಿದ್ದೆ, ನಿಮ್ಮಣ್ಣ ತಪ್ಪಿ ತಂದಾನ" ಅಂದಳು.

ಮಟ್ಟೀ ಬಟ್ಟೆ ಅಕ್ಕ
ಆ ಖಣದ ಮೂಲೆಯಲ್ಲಿ ಅರಿಶಿನದ ಕಲೆ ಇತ್ತಾ?

ಗೋಳಗುಮ್ಮಟದ ಪಾರಿವಾಳ
ಇತ್ತು ಅಕ್ಕಾ!! ಅದನ್ನು ಒಳಗಡೆ ಮಡಚಿ ಹೊಲಿದೆ.

ಲೆಕ್ಕದ ಮಾಸ್ತರ
ಎಲ್ಲಾ ಖಣದ ಮೂಲೆಯಲ್ಲೂ ಇರುತ್ತದೆ, ಅರಿಶಿನ ಹಚ್ಚಿಯೇ ಕೊಡುವುದು. ಅಕ್ಕ, ಸುಮ್ನೆ ಹುಡುಗಿಯನ್ನು ಹೆದರಿಸಬೇಡಿ.

ತಲೆಗಾಂವ್ ತಮ್ಮಣ್ಣ
ನಮ್ಮ ಕಾಲೇಜಿನದ್ದು ಬರುವ ಶನಿವಾರ. ಒಂದು ಕಿಲೋ ಬಟಾಟೆ ತಂದಿದ್ದೇನೆ. ಸಾಕಾ?

ಟೇಲರ್ ಮಾವ
ಎರಡು ಬಟಾಟೆ ಸಾಕಿತ್ತಪ್ಪಾ. ಉಳಿದದ್ದರ ಪಲ್ಯ ಮಾಡು.